ನಡುಗಡಲಿನ ಸಿಹಿನೀರು

ಇಲ್ಲಪ್ಪ, ಈ ಸಲ ನೀನು ನಗುವ ಹಾಗಿಲ್ಲ. ಕಬ್ಬಾಳು ಬೆಟ್ಟದ ಹುಲಿ ನನ್ನ ಹತ್ತಿರ ಬೀಡಿ ಕೇಳಿದ್ದು ಸುಳ್ಳು, ಒಪ್ಪಿಕೊಂಡೆ. ನಮ್ಮ ಹಿತ್ತಲಿನ ಕುಂಬಳಕಾಯಿಯೊಳಗೆ ಮೇಕೆ ಹೊಕ್ಕು ಮರಿ ಹಾಕಿದ್ದು, ನಾವು ಮೂರು ದಿನ ಊರೆಲ್ಲ ಹುಡುಕಿದ್ದು, ಅದೂ ಸುಳ್ಳು. ಅರ್ಧ ಸುಳ್ಳು ಅನ್ನು. ಮೇಕೆ ಇತ್ತು, ಕುಂಬಳವೂ ಇತ್ತು. ಆದರೆ ನಮ್ಮ ಅಕ್ಕೂರಿನಲ್ಲಿ ಒಬ್ಬ ಮೇಷ್ಟ್ರು ಹಡಗಿನ ಕಾದಂಬರಿ ಬರೆದಿದ್ದ ಅಂದರೆ ಅದನ್ನೂ ತಂದು ಅದೇ ಕುಂಬಳಕಾಯಿಯೊಳಗೆ ತುಂಬಬೇಡ.

ಅಕ್ಕೂರಿನಿಂದ ಕಡಲು ಎಷ್ಟು ದೂರ ಅಂತ ಕೇಳುತ್ತೀಯ. ಗೊತ್ತು ಮಹಾರಾಯ, ಘಟ್ಟ ಇಳಿಯಬೇಕು. ಪುಸ್ತಕ ಎಲ್ಲಿ, ತೋರಿಸು ಅನ್ನುತ್ತೀಯ. ಪುಸ್ತಕ ಇಲ್ಲ. ಇದ್ದಿದ್ದರೆ ನಿನ್ನ ಮುಂದೆ ಇಟ್ಟು ಸುಮ್ಮನೆ ಕೂತಿರುತ್ತಿದ್ದೆ. ಬೇರೆ ಯಾರಿಗಾದರೂ ಗೊತ್ತಾ ಅನ್ನುತ್ತೀಯ. ಗೊತ್ತಿದ್ದವರು ಹೋದರು, ಇಲ್ಲವೇ ಮರೆತರು. ಪೂರ್ತಿ ನೆನಪಿರುವವನು ನಾನೊಬ್ಬ. ನನ್ನ ಮಾತನ್ನು ನಂಬುವವರು ಯಾರು ಅನ್ನುತ್ತೀಯ. ಹಾಂ, ಅಲ್ಲಿಗೆ ಬಂದೆ ನೋಡು. ಕತೆಯೇ ಅದು.

ಅವನ ಹೆಸರು ಚಲುವಯ್ಯ. ನನ್ನ ಜೊತೆಯವನು. ಅಕ್ಕೂರಿನ ಸ್ಕೂಲಿನಲ್ಲಿ ನಾನು ಒಳಗೆ ಕೂರುತ್ತಿದ್ದೆ, ಅವನು ಜಗಲಿಯಲ್ಲಿ ಕಿಟಕಿಯ ಕೆಳಗೆ ಕೂರುತ್ತಿದ್ದ. ಕೆಳಗಿನ ಕೇರಿಯ ಮಕ್ಕಳು ಕೂರಬೇಕಾಗಿದ್ದದ್ದು ಅಲ್ಲೇ. ಒಳಗಿದ್ದ ನಮಗೆ ಏಳರ ಮಗ್ಗಿ ಬರುತ್ತಿರಲಿಲ್ಲ, ಹೊರಗಿದ್ದ ಅವನಿಗೆ ಹದಿನಾರರದ್ದು ಬರುತ್ತಿತ್ತು. ನಾನು ಕಿಟಕಿಯ ಪಕ್ಕದ ಜಾಗಕ್ಕಾಗಿ ಜಗಳವಾಡುತ್ತಿದ್ದದ್ದು ಗಾಳಿಗಲ್ಲ. ಮೇಷ್ಟ್ರು ಲೆಕ್ಕ ಕೇಳಿದರೆ ಉತ್ತರ ಕಿಟಕಿಯಿಂದ ಬರುತ್ತಿತ್ತು. ನಾನು ನಾಲ್ಕನೇ ಕ್ಲಾಸು ಪಾಸಾದದ್ದು ಹೀಗೆ, ಹೊರಗಿನವನ ಬುದ್ಧಿಯಲ್ಲಿ.

ಮುಂದೆ ಅವನು ಚನ್ನಪಟ್ಟಣದ ಹಾಸ್ಟೆಲಿನಲ್ಲಿದ್ದು ಓದಿದ, ಟ್ರೈನಿಂಗ್ ಮುಗಿಸಿದ, ಎರಡು ಮೈಲಿ ಆಚೆಯ ಹಳ್ಳಿಯ ಸ್ಕೂಲಿಗೆ ಮೇಷ್ಟ್ರಾದ. ಬಿಳಿ ಷರಟು, ಕಂಕುಳಲ್ಲಿ ಛತ್ರಿ, ಜೇಬಿನಲ್ಲಿ ಪೆನ್ಸಿಲ್ಲಿನ ತುಂಡು. ಅಂಕಮ್ಮನನ್ನು ಮದುವೆಯಾದ. ಮೇಷ್ಟ್ರ ಮನೆಯಾದರೂ ಆ ಮನೆಗೆ ನೀರು ಬರುತ್ತಿದ್ದದ್ದು ಹಳೆಯ ದಾರಿಯಲ್ಲೇ. ಊರ ನಡುವೆ ಮಾರಮ್ಮನ ಬಾವಿ ಇತ್ತು. ಅಂಕಮ್ಮ ಬಿಂದಿಗೆ ಇಟ್ಟುಕೊಂಡು ಕಟ್ಟೆಯಿಂದ ಎಂಟು ಹೆಜ್ಜೆ ದೂರ ನಿಲ್ಲುತ್ತಿದ್ದಳು. ನಮ್ಮ ಹೆಂಗಸರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಸೇದಿ ಮೇಲಿನಿಂದ ಸುರಿಯುತ್ತಿದ್ದರು. ಹಾಗೆ ದೂರ ನಿಲ್ಲಿಸುವುದು ಅಪರಾಧ ಅಂತ ಕಾನೂನು ಬಂದಿತ್ತು. ಆ ಕಾನೂನನ್ನು ಚಲುವಯ್ಯನೇ ಮಕ್ಕಳಿಗೆ ಪಾಠ ಮಾಡುತ್ತಿದ್ದ.

ಊರವರ ಎದುರು ಅವನು ನನ್ನನ್ನು, ಒಡೆಯರನ್ನು ಕರೆಯುವ ಹಾಗೆ, 'ಬುದ್ಧಿ' ಅನ್ನುತ್ತಿದ್ದ. ಇಬ್ಬರೇ ಇದ್ದಾಗ 'ಬೋರಣ್ಣ'. ಆ ಬೋರಣ್ಣ ಅನ್ನಿಸಿಕೊಳ್ಳುವುದರಲ್ಲಿ ನನಗೊಂದು ಜಂಬವಿತ್ತು. ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ ಅದನ್ನು ಕೇಳಿಸಿಕೊಳ್ಳುತ್ತಿದ್ದೆ.

ಈಗ ನನ್ನ ವಿಷಯ ಒಸಿ ಹೇಳಬೇಕು, ಇಲ್ಲದಿದ್ದರೆ ಹಡಗು ಎಲ್ಲಿಂದ ಬಂತು ಅಂತ ನಿನಗೆ ತಿಳಿಯುವುದಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಪರೀಕ್ಷೆ ಡುಮ್ಕಿ ಹೊಡೆದು, ಅಪ್ಪನ ಏಟಿಗೆ ಹೆದರಿ ಊರು ಬಿಟ್ಟೆ. ಹೋದದ್ದು ಕನಕಪುರ ದಾಟಿ ಸಂಗಮಕ್ಕೆ. ಅಲ್ಲಿ ಲಕ್ಷ್ಮಯ್ಯ ಅನ್ನುವವನು ಬುಟ್ಟಿಯಂಥ ಹರಿಗೋಲು ಹಾಕುತ್ತಿದ್ದ. ಅವನ ಕೈಕೆಳಗೆ ಎರಡು ವರ್ಷ ಜನರನ್ನು, ಸೌದೆಯನ್ನು, ಒಂದೆರಡು ಸಲ ಹೆದರಿದ ಕತ್ತೆಗಳನ್ನು ಹೊಳೆ ದಾಟಿಸಿದೆ. ಊರಿಗೆ ವಾಪಸು ಬರುವಾಗ ಕೈಯಲ್ಲಿ ಏನೂ ಇರಲಿಲ್ಲ. ಎರಡು ದಿನ ನಡೆದರೆ ಸಿಗುವ ಜಾಗದಲ್ಲಿ ಬುಟ್ಟಿ ತಿರುಗಿಸಿಕೊಂಡಿದ್ದೆ ಅಂದರೆ ಯಾರು ಮರ್ಯಾದೆ ಕೊಡುತ್ತಾರೆ. ಅದಕ್ಕೇ ಮಂಗಳೂರಿನಿಂದ ಅರಬಸ್ಥಾನಕ್ಕೆ ಹೋಗುವ ಹಡಗಿನಲ್ಲಿದ್ದೆ ಅಂದೆ. ಅಪ್ಪ ಹೊಡೆಯಲು ಎತ್ತಿದ ಕೈ ಇಳಿಸಿ, ಊಟ ಮಾಡಿದೆಯಾ ಅಂತ ಕೇಳಿದ. ಅವತ್ತಿನಿಂದ ನಾನು ಹಡಗಿನ ಬೋರಲಿಂಗಯ್ಯ. ತಿಮಿಂಗಿಲದ ಬೆನ್ನಿನ ಮೇಲೆ ಒಲೆ ಹೂಡಿ ಅನ್ನ ಮಾಡಿದ್ದು, ಅರಬರ ದೊರೆ ನನ್ನ ಮೀಸೆ ಅಳೆಸಿದ್ದು, ಎಲ್ಲ ಅರಳೀಕಟ್ಟೆಯಲ್ಲಿ ದಿನಕ್ಕೊಂದರಂತೆ ಹುಟ್ಟಿದವು. ಜನ ನಗುತ್ತಿದ್ದರು. ಒಲೆಯನ್ನು ನಂಬದವರೂ ಹಡಗನ್ನು ನಂಬಿದರು.

ಅರವತ್ತೊಂದನೇ ಇಸವಿಯಲ್ಲಿ ಚಲುವಯ್ಯನ ಸ್ಕೂಲಿಗೆ ಒಂದು ಸುತ್ತೋಲೆ ಬಂತು. ಮಕ್ಕಳಿಗಾಗಿ ಹಳೆಯ ಕಾಲದ ಸಾಹಸದ ಕಾದಂಬರಿ ಬರೆದು ಕಳಿಸಿ, ಒಳ್ಳೆಯದನ್ನು ಅಚ್ಚು ಹಾಕಿಸಿ ಎಲ್ಲ ಸ್ಕೂಲುಗಳಿಗೂ ಹಂಚುತ್ತೇವೆ ಅಂತ. ಬರೆಯುವವರು ಕೋಟೆ, ಕುದುರೆ, ಕತ್ತಿ ಹುಡುಕಿದರು. ಇವನು ಹಡಗು ಹಿಡಿದ. ಅದಕ್ಕೆ ಕಾರಣವಿತ್ತು. ಸುಲ್ತಾನರ ಕಾಲದಲ್ಲಿ ಇವನ ಮುತ್ತಾತನ ತಾತ ಕೆಂಚ ಅನ್ನುವವನನ್ನು, ಚರ್ಮದ ನೀರಚೀಲ ಹೊಲಿಯುವುದರಲ್ಲಿ ಕೈಗಾರ ಅಂತ, ಬಂದರಿಗೆ ಕರೆದುಕೊಂಡು ಹೋದರಂತೆ. ಹೋದವನು ವಾಪಸು ಬರಲಿಲ್ಲ. ಹೀಗಂತ ಅವರ ಮನೆಯಲ್ಲಿ ಒಂದು ಮಾತಿತ್ತು, ಅಷ್ಟೆ. ಆ ಒಂದು ಮಾತನ್ನು ಇವನು ಚಿಕ್ಕಂದಿನಿಂದ ಹೊತ್ತು ತಿರುಗಿದ್ದ.

"ನಮ್ಮ ಕೇರಿ ಐಕ್ಳು ಓದೋ ಪುಸ್ತಕದಾಗೆ ನಮ್ಮೋನು ಒಬ್ಬನೂ ಇಲ್ಲ ಬೋರಣ್ಣ," ಅಂದ ಒಂದು ದಿನ. "ಇದ್ರೂ ಯಾರ್ದೋ ಕುದುರೆಗೆ ಹುಲ್ಲು ಹಾಕ್ತಾ ಇರ್ತಾನೆ. ಒಂದ್ಸಲ ಕೆಂಚ ಮುಂದೆ ನಿಂತ್ಕಳ್ಳಿ. ಎಲ್ಲಾ ಸ್ಕೂಲ್ನಾಗೂ ಅವನ ಹೆಸ್ರು ಗಟ್ಟಿಯಾಗಿ ಓದ್ಲಿ. ನೀವು ಹಡಗಲ್ಲಿದ್ದೋರು, ಒಸಿ ಹೇಳ್ಕೊಡಿ."

ಎಲ್ಲ ನಿನಗೇ ಹೇಳುತ್ತೀನಿ ಬಾ ಅಂದೆ. ನನಗೇನು, ಕೇಳುವವನು ಸಿಕ್ಕಿದ್ದ.

ಅವನು ಸಂಜೆ ಸ್ಕೂಲು ಬಿಟ್ಟು ಬರುತ್ತಿದ್ದ. ಆಗ ನಮ್ಮ ಮನೆಯಲ್ಲಿ ರೇಷ್ಮೆಹುಳ. ಹುಳ ಇರುವ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಹುಳಕ್ಕೆ ರೋಗ ಬರುತ್ತದೆ ಅಂತ. ಅದು ಎಲ್ಲರಿಗೂ ಇದ್ದ ಕಟ್ಟಳೆ. ಚಲುವಯ್ಯನಿಗೆ ಹುಳ ಇಲ್ಲದಾಗಲೂ ಇತ್ತು. ಹಾಗಾಗಿ ನಾನು ಒಳಗೆ ತಟ್ಟೆಗಳಿಗೆ ಸೊಪ್ಪು ಹಾಕುತ್ತಾ ಮಾತಾಡುತ್ತಿದ್ದೆ, ಅವನು ಹೊರಗೆ ಕಿಟಕಿಯ ಕೆಳಗೆ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಸ್ಕೂಲಿನಲ್ಲಿದ್ದ ಹಾಗೇ, ಆದರೆ ಈಗ ಹೇಳಿಕೊಡುವವನು ನಾನು.

"ಬೋರಣ್ಣ, ಕಡಲು ಹೆಂಗೆ ಸದ್ದು ಮಾಡ್ತದೆ?"

"ಜೋರಾಗಿ ಮಾಡ್ತದೆ."

"ಜೋರು ಅಂದ್ರೆ? ಗುಡುಗು ತರವಾ?"

"ಅದೇನೋ ಕಣ್ಲಾ. ನಾನು ಕೆಲ್ಸ ನೋಡ್ಲಾ, ಸದ್ದು ಕೇಳ್ಕಂಡು ಕೂತ್ಕಳ್ಲಾ?"

ಅವನು ಕಿಟಕಿಗೆ ಕಿವಿ ಕೊಟ್ಟ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ, "ಒಳಗೇನು ಸದ್ದು? ಮಳೆ ಹುಯ್ಯೋ ಹಂಗೈತೆ."

"ಮಳೆ ಎಲ್ಲಿಂದ ಬಂತು. ಹುಳ ಮೇಯ್ತಾ ಅವೆ. ನಾಕ್ನೇ ಜ್ವರ ಎದ್ದವೆ."

ಹುಳ ಪೊರೆ ಬಿಡಲು ಮೇಯದೆ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವುಗಳ ಹಸಿವಿಗೆ ಕೊನೆಯಿಲ್ಲ. ಸಾವಿರಾರು ಬಾಯಿ ಒಟ್ಟಿಗೆ ಸೊಪ್ಪು ಕೊರೆಯುವ ಸದ್ದು.

"ನಿಲ್ಲದೇ ಇಲ್ವಲ್ಲ ಇದು," ಅಂದ.

"ನಿಲ್ಲಾಕಿಲ್ಲ."

ಪೆನ್ಸಿಲ್ ಓಡಿಸಿದ ಸದ್ದು ಕೇಳಿಸಿತು. ಹುಳದ ಸದ್ದನ್ನು ತೆಗೆದುಕೊಂಡು ಹೋಗಿ ಕಡಲಿಗೆ ಹಾಕುತ್ತಿದ್ದಾನಲ್ಲ, ಪೆದ್ದ, ಅಂತ ನಾನು ಒಳಗೊಳಗೇ ನಕ್ಕೆ.

ಅವನು ಕೇಳಿದ್ದಕ್ಕೆಲ್ಲ ನಾನು ಸಂಗಮದ ಹರಿಗೋಲನ್ನೇ ಹಿಗ್ಗಿಸಿ ಹಡಗು ಮಾಡಿ ಕೊಟ್ಟೆ. ಸುಳಿಗೆ ಸಿಕ್ಕಿದರೆ ಹೇಗೆ ತಿರುಗುತ್ತದೆ, ತಳಕ್ಕೆ ಹೇಗೆ ಡಾಂಬರು ಬಳಿಯುತ್ತಾರೆ, ದಡ ಬಂದಾಗ ಮರಕ್ಕೆ ಹೇಗೆ ಕಟ್ಟುತ್ತಾರೆ. ಎಲ್ಲ ಬರೆದುಕೊಂಡ. ಒಂದು ದಿನ ಕೇಳಿದ, "ತಿಂಗಳುಗಟ್ಲೆ ಹೋಯ್ತಾರಲ್ಲ, ಕುಡಿಯಾಕೆ ನೀರು?"

"ಪೀಪಾಯಿಲಿ ತುಂಬ್ಕಂಡು ಹೋಯ್ತಾರೆ."

"ಮುಗುದೋದ್ರೆ?"

ಸಾಯುತ್ತಾರೆ ಅಂದಿದ್ದರೆ ಕತೆ ಮುಗಿಯುತ್ತಿತ್ತು. ನನ್ನ ನಾಲಿಗೆ ಅಂಥದ್ದಲ್ಲ.

"ಮುಗುದ್ರೆ ಕಡಲಿಂದ ಸೇದ್ತಾರೆ."

"ಉಪ್ಪಲ್ವಾ?"

"ಮೇಲ್ಗಡೆ ಉಪ್ಪು. ಬಿಸ್ಲು ಕಾದು ಕಾದು ಹಂಗಾಗದೆ. ಐವತ್ತು ಮಾರು ಕೆಳಕ್ಕೋದ್ರೆ ಎಳನೀರು ಕಣ್ಲಾ, ಎಳನೀರು."

"ಭೂಗೋಳದ ಪುಸ್ತಕದಾಗೆ ಹಂಗಿಲ್ವಲ್ಲ ಬೋರಣ್ಣ."

"ಪುಸ್ತಕ ಬರ್ದೋನು ಐವತ್ತು ಮಾರು ಹಗ್ಗ ಬುಟ್ಟು ನೋಡಿದ್ನಾ? ಅಷ್ಟು ದೂರ ಯಾಕೆ, ನಮ್ಮ ಮಾರಮ್ಮನ ಬಾವಿನೇ ನೋಡು. ಮೇಲ್ಮೇಲೆ ಸೇದುದ್ರೆ ಸಪ್ಪೆ. ಬಿಂದಿಗೆ ತಳಕ್ಕೆ ಬುಟ್ಟು ಸೇದು, ಸಿಹಿ. ನಮ್ಮನೆ ಹೆಂಗಸ್ರು ಸೇದಾದೇ ತಳದ್ದು. ಅಷ್ಟೂ ಗೊತ್ತಿಲ್ವಾ ನಿಂಗೆ?"

ಪೆನ್ಸಿಲ್ಲಿನ ಸದ್ದು ನಿಂತಿತು.

"ನಂಗೆಲ್ಲಿ ಗೊತ್ತಾಯ್ತದೆ," ಅಂದ. ಧ್ವನಿಯಲ್ಲಿ ಕೋಪ ಇರಲಿಲ್ಲ. "ನಮ್ಮವ್ವಂಗೂ ಗೊತ್ತಿಲ್ಲ. ಅಂಕಮ್ಮಂಗೂ ಗೊತ್ತಿಲ್ಲ. ಅವ್ರು ಸುರಿದಿದ್ದು ನಾವು ಹಿಡ್ಕಂಡಿದ್ದು. ಮೇಲಿಂದ್ಯಾವ್ದು, ತಳದ್ಯಾವ್ದು."

ಅಲ್ಲಿ ನಾನು ನಿಲ್ಲಿಸಬೇಕಾಗಿತ್ತು. ತಮಾಷೆಗೆ ಅಂದೆ ಕಣೋ, ಬಾವಿಯ ನೀರು ಎಲ್ಲ ಒಂದೇ ಅನ್ನಬಹುದಾಗಿತ್ತು. ನಾನು ಒಂದು ಹಿಡಿ ಸೊಪ್ಪು ತಟ್ಟೆಗೆ ಹರಡಿ, "ಈಗ ಗೊತ್ತಾಯ್ತಲ್ಲ, ಬರ್ಕೊ," ಅಂದೆ. ಅವನು ಬರೆದುಕೊಂಡ.

ದಸರಾ ರಜೆಗೆ ಮುಂಚೆ ಬಂದು, ಬರೆದದ್ದನ್ನು ಕಳಿಸುವ ಮೊದಲು ಒಂದು ಸಲ ಕಡಲು ನೋಡಬೇಕು ಅಂದ. "ನೀವು ಬಂದ್ರೆ ಮಂಗ್ಳೂರ್ಗೆ ಹೋಗಿ ಬಂದ್ಬುಡಾಣ. ನಾನೊಬ್ಬನೇ ಹೋದ್ರೆ ಹಡಗಿನ ತಾವ ಯಾರು ಬುಟ್ಟಾರು."

"ಹುಳ ಕಣ್ಲಾ," ಅಂದೆ. "ನಾಕ್ನೇ ಜ್ವರ. ಬುಟ್ಟು ಬರಾಕಾಯ್ತದಾ."

ಆ ದಸರಾದಲ್ಲಿ ನಮ್ಮ ಮನೆಯಲ್ಲಿ ಒಂದು ಹುಳವೂ ಇರಲಿಲ್ಲ. ತಟ್ಟೆಗಳನ್ನು ತೊಳೆದು ಹಿತ್ತಲಿನ ಬಿಸಿಲಿಗೆ ಒರಗಿಸಿದ್ದೆವು. ಅವನು ಅತ್ತ ಹೋದಮೇಲೆ ಅವಷ್ಟನ್ನೂ ಒಳಗೆ ಎತ್ತಿಟ್ಟು, ಹುಳ ಇರುವ ಮನೆಯ ಹಾಗೆ ಬಾಗಿಲು ಮುಚ್ಚಿಕೊಂಡೆ. ಹಬ್ಬದ ದಿನ ನನ್ನ ಹೆಂಡತಿ ಬೈರಮ್ಮ ಅದೇ ಮುಚ್ಚಿದ ಮನೆಯಲ್ಲಿ ಒಬ್ಬಟ್ಟು ಸುಟ್ಟಳು.

ಬರೆದು ಮುಗಿಸಿದ. ನಾಲ್ಕು ಉದ್ದನೆಯ ನೋಟ್‌ಬುಕ್ಕು, 'ಹಡಗಿನ ಕೆಂಚ' ಅಂತ ಹೆಸರು. ಕಳಿಸುವ ಮುಂಚೆ ಮೂರು ಸಂಜೆ ನಮ್ಮೂರ ಸ್ಕೂಲಿನ ಅಂಗಳದಲ್ಲಿ ಕೂತು ಓದಿದ. ಮೊದಲ ದಿನ ಮಕ್ಕಳು ಮಾತ್ರ ಇದ್ದರು. ಮೂರನೇ ದಿನ ಊರೇ ಇತ್ತು, ಮೇಲಿನವರು ಒಂದು ಕಡೆ, ಕೆಳಗಿನವರು ಒಂದು ಕಡೆ.

ನಾನು ಇಷ್ಟೊಂದು ಸುಳ್ಳು ಹೇಳಿದ್ದೇನೆ, ಅಂಥದ್ದೊಂದು ನನ್ನ ಬಾಯಲ್ಲಿ ಯಾವತ್ತೂ ಬಂದಿಲ್ಲ. ಕೆಂಚ ಹಡಗು ಹತ್ತುತ್ತಾನೆ. ಹಡಗಿನ ನೀರಚೀಲಗಳನ್ನೆಲ್ಲ ಹೊಲಿಯುವವನು ಅವನೇ. ಹೊಲಿದು ಕೊಟ್ಟ ಮೇಲೆ, ನೀರು ತುಂಬಿದ ಮೇಲೆ, ಅವನು ಅದನ್ನು ಮುಟ್ಟುವಂತಿಲ್ಲ. ಅವನ ಬೊಗಸೆಗೆ ಯಾರಾದರೂ ಸುರಿಯಬೇಕು. ಬಿರುಗಾಳಿಗೆ ಸಿಕ್ಕಿ ಹಡಗು ದಾರಿ ತಪ್ಪುತ್ತದೆ. ಸದ್ದು ಬರುತ್ತದೆ ನೋಡು, ಸಾವಿರ ಬಾಯಿ ಒಟ್ಟಿಗೆ ಮೇಯುವ ಸದ್ದು, ಹಗಲೂ ನಿಲ್ಲುವುದಿಲ್ಲ, ರಾತ್ರಿಯೂ ನಿಲ್ಲುವುದಿಲ್ಲ, ಕಡಲು ಹಡಗನ್ನು ಅಂಚಿನಿಂದ ಕೊರೆದು ತಿನ್ನುತ್ತಿದೆ ಅನ್ನಿಸುತ್ತದೆ. ನೀರು ಮುಗಿಯುತ್ತದೆ. ಹಡಗಿನ ನಾಯಕ ನಾಲಿಗೆ ಊದಿ ಮಾತಾಡಲಾರದೆ ಬಿದ್ದಿದ್ದಾನೆ. ಆಗ ಕೆಂಚ ತನ್ನ ಹೊದಿಕೆಯ ಚರ್ಮವನ್ನೇ ಕೊಯ್ದು ಒಂದು ಚೀಲ ಹೊಲಿಯುತ್ತಾನೆ. ಬಾಯಿ ಬಿಗಿದು, ಕಲ್ಲು ಕಟ್ಟಿ, ಐವತ್ತು ಮಾರು ಹಗ್ಗ ಬಿಟ್ಟು, ಚೀಲ ತಳಕ್ಕೆ ಇಳಿದಾಗ ಮೇಲಿನಿಂದ ದಾರ ಜಗ್ಗಿ ಅದರ ಬಾಯಿ ಬಿಚ್ಚುತ್ತಾನೆ. ಮೇಲಕ್ಕೆ ಬಂದದ್ದು ಸಿಹಿನೀರು. ನೂರಾ ಹತ್ತು ಜನ ಸಾಲಾಗಿ ಬಂದು ಬೊಗಸೆ ಒಡ್ಡುತ್ತಾರೆ, ಕೆಂಚ ಸುರಿಯುತ್ತಾನೆ.

ಓದಿ ನಿಲ್ಲಿಸಿದಾಗ ಆ ಕಡೆ ಕೂತಿದ್ದ ಅಂಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಈ ಕಡೆಯವರಲ್ಲಿ ಕೆಲವರು ನೆಲ ನೋಡುತ್ತಿದ್ದರು. ಆಮೇಲೆ ಯಾರೋ ಅಂದರು, "ಹಡಗಿನ ಬೋರಲಿಂಗಯ್ಯ ಹೇಳ್ಕೊಟ್ಟಿದ್ದಂತೆ ಕಣಪ್ಪ." ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮೀಸೆ ಸವರಿಕೊಂಡೆ.

ಮನೆಗೆ ನಡೆಯುವಾಗ ಬೈರಮ್ಮ ಕೇಳಿದಳು, "ತಳದ ನೀರು ಸಿಹಿ, ನಮ್ಮ ಬಾವೀದೂ ಹಂಗೇ ಅಂತ ನೀವಾ ಹೇಳಿದ್ದು?"

"ಊಂ."

"ಹತ್ತು ವರ್ಸದಿಂದ ಆ ಬಾವೀಲಿ ಸೇದ್ತಾ ಇವ್ನಿ, ನಂಗೇ ಗೊತ್ತಿಲ್ವಲ್ಲ."

"ಕತೆ ಕಣೆ ಅದು."

"ಕತೆ ಅಂತ ಅವ್ರಿಗೆ ಹೇಳಿದ್ದೀರಾ?"

ನಾನು ಎಮ್ಮೆ ಎಲ್ಲಿ ಹೋಯಿತೋ ಅಂತ ಆ ಕಡೆ ನೋಡಿದೆ.

ಮುಂದಿನ ವರ್ಷ ರಾಮನಗರದಲ್ಲಿ ಮೇಷ್ಟ್ರುಗಳ ಸಭೆ. ಪುಸ್ತಕ ಆರಿಸುವವರಲ್ಲಿ ಒಬ್ಬರು, ಕನ್ನಡಕದ ಸಾಹೇಬರು, ಬೆಂಗಳೂರಿನಿಂದ ಬರುತ್ತಾರೆ, ಚಲುವಯ್ಯನನ್ನು ನೋಡಬೇಕಂತೆ ಅಂತ ಕಾಗದ ಬಂತು. ಕೊನೆಗೆ ಉಳಿದ ಮೂರರಲ್ಲಿ ಇವನದ್ದೂ ಒಂದಂತೆ. ನಾನು ಜರತಾರಿ ಪಂಚೆ ಉಟ್ಟು ಜೊತೆಗೆ ಹೊರಟೆ. ಅವನೇ ಕರೆದ. "ಅರ್ಧ ನಿಮ್ದು ಬೋರಣ್ಣ," ಅಂದ. ಹಿಂದಿನ ಬೆಂಚಿನಲ್ಲಿ ಕೂತೆ.

ಸಾಹೇಬರು ಮೊದಲು ಹೊಗಳಿದರು. ಕಡಲಿನ ಸದ್ದನ್ನು ಹೀಗೆ ಯಾರೂ ಬರೆದಿಲ್ಲ ಅಂದರು. ನಾನು ಪಕ್ಕದವನಿಗೆ ಮೊಣಕೈಯಿಂದ ತಿವಿದೆ. ಆಮೇಲೆ ಅವರು ನೋಟ್‌ಬುಕ್ ತೆರೆದು ಐವತ್ತು ಮಾರಿನ ಹಗ್ಗದ ಪುಟವನ್ನು ಗಟ್ಟಿಯಾಗಿ ಓದಿದರು. ಓದುತ್ತಾ ಅವರಿಗೇ ನಗು ಬಂತು. ಸಭೆಯೂ ನಕ್ಕಿತು.

"ಮೇಷ್ಟ್ರೇ, ಕಡಲ ನೀರು ಮೇಲಿಂದ ಕೆಳಗಿನವರೆಗೂ ಉಪ್ಪೇ. ಮಕ್ಕಳಿಗೆ ಭೂಗೋಳ ಪಾಠ ಮಾಡುವವರು ನೀವೇ ತಾನೇ? ಇದನ್ನು ಯಾರು ಹೇಳಿಕೊಟ್ಟರು ನಿಮಗೆ?"

ಚಲುವಯ್ಯ ಎದ್ದು ನಿಂತಿದ್ದ. ತಿರುಗಿ ನನ್ನನ್ನು ನೋಡಿದ. ಕೋಪದ ನೋಟವಲ್ಲ. ಏಳುತ್ತೀರಿ ಅಲ್ಲವೇ, ಎದ್ದು ಏನಾದರೂ ಹೇಳುತ್ತೀರಿ ಅಲ್ಲವೇ, ಅನ್ನುವ ಹಾಗೆ. ನಾನು ಪಂಚೆಯ ಜರಿಯನ್ನು ನೋಡುತ್ತಿದ್ದೆ.

"ಯಾರೂ ಇಲ್ಲ ಸ್ವಾಮಿ," ಅಂದ. "ನಾನೇ ಕಟ್ಟಿದ್ದು."

ಸಾಹೇಬರು ಕೆಟ್ಟವರಲ್ಲ. "ಹೋಗಲಿ ಬಿಡಿ," ಅಂದರು. "ಆ ಒಂದು ಜಾಗ ತಿದ್ದಿಬಿಡಿ. ಮಳೆ ಬರಿಸಿ. ಎಲ್ಲರೂ ಮಳೆ ನೀರು ಹಿಡಿದು ಕುಡಿಯಲಿ. ಪುಸ್ತಕ ಅಚ್ಚಿಗೆ ಹೋಗುತ್ತದೆ."

ಚಲುವಯ್ಯ ಸಾಹೇಬರ ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿದ.

"ಮಳೆ ಬಂದ್ರೆ ಅವ್ರವ್ರೇ ಹಿಡ್ಕಂಡು ಕುಡೀತಾರೆ ಸ್ವಾಮಿ. ಕೆಂಚನ ಕೈಲಿ ಯಾಕೆ ಕುಡೀತಾರೆ?"

ಸಾಹೇಬರಿಗೆ ಅರ್ಥವಾಗಲಿಲ್ಲ. ಆಗಿದ್ದರೂ ತೋರಿಸಿಕೊಳ್ಳಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಇವ್ರಿಗೆ ನೀರಿನ ವಿಷ್ಯ ಏನ್ ಗೊತ್ತಯ್ಯಾ," ಅಂತ ಮೆಲ್ಲಗೆ ಅಂದ. ಅವನ ಪಕ್ಕದವರು ನಕ್ಕರು. ಸಾಹೇಬರು ನೋಟ್‌ಬುಕ್ಕುಗಳನ್ನು ಜೋಡಿಸಿ ದಾರ ಕಟ್ಟಿ ವಾಪಸು ಕೊಟ್ಟರು.

ನಾನು ಆಗಲೂ ಏಳಲಿಲ್ಲ. ಎದ್ದು, ತಪ್ಪು ನನ್ನದು, ನಾನು ಕಡಲನ್ನೇ ನೋಡಿಲ್ಲ ಅಂದಿದ್ದರೆ ಆ ನಗು ನನ್ನ ಕಡೆ ತಿರುಗುತ್ತಿತ್ತು, ಅಷ್ಟೇ ತಾನೇ. ನಗಿಸುವುದೇ ನನ್ನ ಕೆಲಸವಾಗಿತ್ತು. ಅವತ್ತೊಂದು ದಿನ ನನ್ನನ್ನು ನೋಡಿ ಜನ ನಗುವುದು ಬೇಡವಾಯಿತು.

ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಚನ್ನಪಟ್ಟಣ ಬಂದಾಗ ಅವನು ತೊಡೆಯ ಮೇಲಿನ ಕಟ್ಟನ್ನು ನೋಡುತ್ತಲೇ ಕೇಳಿದ.

"ಬಾವೀದಾದ್ರೂ ನಿಜ್ವಾ ಬೋರಣ್ಣ?"

"ಇಲ್ಲ ಕಣ್ಲಾ. ಎಲ್ಲಾ ಒಂದೇ ನೀರು."

"ಹಡಗು?"

"ಸಂಗಮದ ಹರಿಗೋಲು."

ಅವನು ತಲೆ ಆಡಿಸಿದ. ಬಯ್ಯಲಿ ಅಂತ ಕಾದೆ. ಹೊಡೆದರೂ ಸರಿ ಅನ್ನಿಸಿತ್ತು.

"ಸರಿ ಬುದ್ಧಿ," ಅಂದ.

ಬಸ್ಸಿನಲ್ಲಿ ನಮ್ಮೂರಿನವರು ಒಬ್ಬರೂ ಇರಲಿಲ್ಲ. ನಾವಿಬ್ಬರೇ. ಅವತ್ತಿನಿಂದ ಅವನು ನನ್ನನ್ನು ಬೋರಣ್ಣ ಅಂತ ಕರೆಯಲಿಲ್ಲ.

ಸಭೆಯಲ್ಲಿದ್ದ ಮೇಷ್ಟ್ರುಗಳು ಸುಮ್ಮನಿರಲಿಲ್ಲ. ಒಂದು ತಿಂಗಳಲ್ಲಿ ತಾಲ್ಲೂಕಿಗೆಲ್ಲ ಅವನು ಸಿಹಿನೀರು ಮೇಷ್ಟ್ರು. ಮಕ್ಕಳು ಬೋರ್ಡಿನ ಮೇಲೆ ಹಗ್ಗ, ಚೀಲ ಬರೆದಿಡುತ್ತಿದ್ದರು. ಅವನೇ ಅರ್ಜಿ ಹಾಕಿ, ಯಾರೂ ಕೇಳದ ಉಯ್ಯಂಬಳ್ಳಿ ಕಡೆಗೆ ವರ್ಗ ಮಾಡಿಸಿಕೊಂಡು ಹೋದ. ಇಪ್ಪತ್ತೈದು ವರ್ಷ ಅಲ್ಲೇ ಇದ್ದ. ಮಕ್ಕಳಿಗೆ ಕತೆ ಹೇಳುವುದನ್ನು ನಿಲ್ಲಿಸಿದನಂತೆ, ಬರೀ ಮಗ್ಗಿ ಹೇಳಿಕೊಡುತ್ತಿದ್ದನಂತೆ. ರಿಟೈರಾಗಿ ಅಕ್ಕೂರಿಗೆ ಬಂದ. ದಾರಿಯಲ್ಲಿ ಸಿಕ್ಕರೆ ಛತ್ರಿ ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, "ಚೆನ್ನಾಗಿದ್ದೀರಾ ಬುದ್ಧಿ," ಅನ್ನುತ್ತಿದ್ದ. ಚೆನ್ನಾಗಿದ್ದೀನಿ ಅನ್ನುತ್ತಿದ್ದೆ. ಎಂಬತ್ತೊಂಬತ್ತರಲ್ಲಿ ತೀರಿಕೊಂಡ.

ನಾನು ಕಡಲು ನೋಡಿದ್ದು ಅದಾಗಿ ಐದು ವರ್ಷಕ್ಕೆ. ಧರ್ಮಸ್ಥಳ, ಉಡುಪಿ ಅಂತ ಊರಿನವರೆಲ್ಲ ಬಸ್ಸು ಮಾಡಿಕೊಂಡು ಹೋಗಿದ್ದೆವು. ಮಲ್ಪೆಯಲ್ಲಿ ಇಳಿಸಿದರು. "ನಿಮ್ಗೇನು ಬುಡಿ, ನೋಡಿರೋದೇ," ಅಂತ ಎಲ್ಲರೂ ನನ್ನನ್ನು ಬಿಟ್ಟು ಓಡಿದರು. ಮರಳಿನ ಮೇಲೆ ಒಬ್ಬನೇ ನಿಂತೆ. ಅಲೆ ವಾಪಸು ಹೋಗುವಾಗ ಒಂದು ಸದ್ದು ಬಂತು. ಕಣ್ಣು ಮುಚ್ಚಿದೆ. ನಾಲ್ಕನೇ ಜ್ವರ ಎದ್ದ ಹುಳ, ಸಾವಿರಾರು ಬಾಯಿ, ಸೊಪ್ಪು ಕೊರೆಯುವ ಸದ್ದು. ನಿಲ್ಲುವುದೇ ಇಲ್ಲ. ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರುತ್ತದೇನೋ ಅಂತ ಮೂಗು ಎತ್ತಿದೆ, ಮೀನಿನ ವಾಸನೆ ಬಂತು.

ಕಡಲು ಕಾಣದೆ, ನನ್ನ ಮನೆಯ ಕಿಟಕಿಯ ಹೊರಗೆ ಕೂತು ಅವನು ಅದನ್ನು ಸರಿಯಾಗಿ ಹಿಡಿದಿದ್ದ. ಆ ಪುಸ್ತಕದಲ್ಲಿ ಅವನದ್ದು ಅಂತ ಇದ್ದದ್ದೆಲ್ಲ ಸರಿಯಾಗಿತ್ತು. ತಪ್ಪಿದ್ದದ್ದೆಲ್ಲ ನನ್ನದು. ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿ ಉಗಿದೆ.

ಊರಿಗೆ ಬಂದ ಮಾರನೆಯ ದಿನ ಕೆಳಗಿನ ಕೇರಿಗೆ ಹೋದೆ. ಅಷ್ಟು ವರ್ಷದಲ್ಲಿ ಆ ಮನೆಯೊಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಅಂಕಮ್ಮ ಹುರುಳಿ ಕೇರುತ್ತಾ ಕೂತಿದ್ದಳು. ಹಡಗು ಇರಲಿಲ್ಲ, ಬಾವಿಯ ಮಾತೂ ಸುಳ್ಳು, ರಾಮನಗರದಲ್ಲಿ ನಾನು ಏಳಲಿಲ್ಲ, ಎಲ್ಲ ಹೇಳಿದೆ. ಆ ನೋಟ್‌ಬುಕ್ಕು ಕೊಡವ್ವ, ನಾನೇ ಅಚ್ಚು ಹಾಕಿಸುತ್ತೇನೆ, ತಿದ್ದುವುದೇನೂ ಬೇಡ ಅಂದೆ.

ಅವಳು ಮೊರ ಕೆಳಗಿಟ್ಟಳು.

"ಅವ್ರು ಬಸ್ಸಿಂದ ಇಳ್ದು ಬಂದ ದಿನಾನೇ ನಂಗೆಲ್ಲಾ ಹೇಳುದ್ರು ಬುದ್ಧಿ. ನೀವು ಮೂವತ್ತೆರಡು ವರ್ಸಕ್ಕೆ ಬಂದ್ರಿ."

"ನೋಟ್‌ಬುಕ್ಕು?"

"ಉಯ್ಯಂಬಳ್ಳಿಲಿ ಒಂದು ಮಳೆಗಾಲ ಸೌದೆ ಎಲ್ಲಾ ನೆಂದೋಗಿತ್ತು. ಅವ್ರೇ ಒಂದೊಂದ್ ಹಾಳೆ ಹರ್ದು ಒಲೆಗಿಟ್ರು. ಬ್ಯಾಡ ಅಂದೆ. ಸ್ನಾನಕ್ಕೆ ನೀರು ಕಾಯ್ಲಿ ಬುಡು ಅಂದ್ರು."

ಅವಳು ಎದ್ದು ಒಳಗೆ ಹೋಗಿ ಒಂದು ಚೆಂಬು ನೀರು ತಂದು ಕೈಗೆ ಕೊಟ್ಟಳು. ಆ ಹೊತ್ತಿಗೆ ಕೇರಿಗೆ ನಲ್ಲಿ ಬಂದಿತ್ತು. ಕುಡಿದೆ, ಪೂರ್ತಿ ಕುಡಿದೆ. ಅವಳು ನಾನು ಕುಡಿಯುವುದನ್ನೇ ನೋಡುತ್ತಾ ನಿಂತಿದ್ದಳು.

"ಹೇಳಿ ಬುದ್ಧಿ," ಅಂದಳು. "ಮೇಲಿಂದಾ, ತಳದ್ದಾ?"

ಅದಕ್ಕೇ ಮಹಾರಾಯ, ಹುಲಿಯನ್ನು ನಂಬಬೇಡ, ಮೇಕೆಯನ್ನು ನಂಬಬೇಡ. ಅಂಗಳದಲ್ಲಿ ಮೂರು ಸಂಜೆ ಕೇಳಿದ್ದು ನನ್ನ ತಲೆಯಲ್ಲಿ ಅಷ್ಟೂ ಇದೆ. ಇನ್ನೆಲ್ಲೂ ಇಲ್ಲ. ಹೇಳೋಣ ಅಂತ ಬಾಯಿ ತೆರೆದರೆ, ಬಂತು ತಾತನ ಕುಂಬಳಕಾಯಿ ಅಂತ ಜನ ಮೊದಲೇ ನಗುತ್ತಾರೆ. ನೀನೂ ನಗುತ್ತೀಯ. ನಗು, ಆದರೆ ಒಂದು ಸಲ ಪೂರ್ತಿ ಕೇಳು. ಕೆಂಚ ಹಡಗು ಹತ್ತಿದ್ದು ಒಂದು ಬುಧವಾರ. ಅವನ ಕೈಯಲ್ಲಿ ಒಂದು ದಬ್ಬಳ, ಒಂದು ಉಂಡೆ ದಾರ...

"ಅಲ್ಲಿ ಒಬ್ರೇ ಕೂತ್ಕಂಡು ಯಾರ ತಾವ ಮಾತಾಡ್ತಾ ಇದ್ದೀರಿ?" ಬೈರಮ್ಮ ಒಳಗಿನಿಂದ ಕೂಗುತ್ತಿದ್ದಾಳೆ. "ಏಳಿ, ಮುದ್ದೆ ಆರೋಯ್ತದೆ."

"ಬತ್ತೀನಿ ಇರು, ಒಸಿ ಬಾಕಿ ಐತೆ."

"ಯಾವ ಬಾಕಿ? ಸಾಕು ಬನ್ನಿ. ನೀರಿಟ್ಟಿವ್ನಿ, ಕೈ ತೊಳ್ಕಳಿ."